ಪಟದೊಳಗಣ ಗಳಿಗೆ

ಒಬ್ಬ ತಾಯಿಯ ಶ್ರಾದ್ಧವು ವರ್ಷಕ್ಕೆ ಎರಡು ದಿನ ನಡೆಯುವುದುಂಟೆ ಎಂದು ವಾಚಕರು ಕೇಳಬಹುದು. ನಮ್ಮ ಕುಟುಂಬದಲ್ಲಿ ಆರು ವರ್ಷಗಳ ಕಾಲ ಹಾಗೆಯೇ ನಡೆಯಿತು. ಪುಷ್ಯ ಬಹುಳ ಅಷ್ಟಮಿಯ ದಿನ ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ನಾನು ಪಿಂಡಪ್ರದಾನ ಮಾಡುತ್ತಿದ್ದೆನು. ನವಮಿಯ ದಿನ ಮೈಸೂರಿನ ತಮ್ಮ ಮನೆಯಲ್ಲಿ ನಮ್ಮ ಅಣ್ಣನವರು ಮಾಡುತ್ತಿದ್ದರು. ಹಿರಿಯರ ತಿಥಿಗೆ ಮನೆಮಂದಿಯೆಲ್ಲರೂ ಮೂಲಮನೆಯಲ್ಲಿ ಸೇರುವುದು ನಮ್ಮಲ್ಲಿ ಬಹುಕಾಲದಿಂದ ಬಂದ ಪದ್ಧತಿ. ತಂದೆಯವರ ತಿಥಿಗೆ ಈಗಲೂ ಸೇರುತ್ತಿದ್ದೆವು. ತಾಯಿಯವರ ತಿಥಿಯ ಮಾತು ಬಂದೊಡನೆ ಮಾತ್ರ ಇಬ್ಬರೂ ಮಳೆಯ ವಿಚಾರವನ್ನೋ ಅಡಕೆಯ ಧಾರಣೆಯ ವಿಚಾರವನ್ನೋ ಎತ್ತಿಕೊಳ್ಳುತ್ತಿದ್ದೆವು. “ನಿಮ್ಮಮ್ಮ ಪುಣ್ಯವಂತೆ, ಅವಳಿಗೆ ಎರಡು ದಿನ ಊಟ” ಎಂದು ನೆರೆಮನೆಯ ಹಿರಿಯರೊಬ್ಬರು ಹಾಸ್ಯ ಮಾಡಿದ್ದುಂಟು. ನನಗೆ ನಗು ಬರಲಿಲ್ಲ.

ಈ ಎರಡು ತಿಥಿಗಳನ್ನು ಕಡೆಗೆ ಒಂದು ಮಾಡಿದ್ದು ಮೊಬೈಲು ಫೋನಿನಲ್ಲಿ ತೆಗೆದ ಒಂದು ಪಟ. ಆ ಪಟದ ಹೊಟ್ಟೆಯಲ್ಲಿ ಅಡಗಿದ್ದ ಗಂಟೆ ನಿಮಿಷಗಳ ಸಂಗತಿಯನ್ನೂ, ಅದರ ಜೊತೆಯಲ್ಲಿ ಹೊರಬಿದ್ದ ನನ್ನದೊಂದು ಸುಳ್ಳಿನ ಸಂಗತಿಯನ್ನೂ ಇಲ್ಲಿ ಬರೆಯುತ್ತೇನೆ.

ನಮ್ಮ ತಾಯಿಯವರು ತೀರಿಕೊಂಡದ್ದು 2019ನೆಯ ಇಸವಿ ಜನವರಿ 28, ಸೋಮವಾರ. ಅವರಿಗೆ ಆಗ 75 ವರ್ಷ ತುಂಬಿತ್ತು. ಹದಿನೈದು ದಿನಗಳಿಂದ ಅನ್ನ ಬಿಟ್ಟಿದ್ದರು. ಕಡೆಯ ಮೂರು ದಿನ ನೀರು ಸಹ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಮೂರು ರಾತ್ರಿ ನಾನು ಅವರ ಮಂಚದ ಬಳಿಯಲ್ಲಿ ಎದ್ದೇ ಇದ್ದೆನು. ಅಣ್ಣನ ಮಗಳು ಕಾಲೇಜಿಗೆ ರಜೆ ಹಾಕಿ ಅಜ್ಜಿಯ ಶುಶ್ರೂಷೆಗೆಂದು ಬಂದಿದ್ದಳು. ಅದು ಅಡಕೆಯ ಕೊಯ್ಲಿನ ಕಾಲ. ಆ ಮಧ್ಯಾಹ್ನ ನನ್ನ ಹೆಂಡತಿ ಆಳುಗಳೊಡನೆ ಅಡಕೆ ಒಣಗಿಸುವ ಅಂಗಳದಲ್ಲಿದ್ದಳು. ನಾನು ಎರಡು ತುತ್ತು ಉಂಡು ಬಂದು, ಗೋಡೆಗೆ ಒತ್ತಿ ಹಾಕಿದ್ದ ಕುರ್ಚಿಯಲ್ಲಿ ಕುಳಿತೆನು. ಗೋಡೆಯ ಗಡಿಯಾರವು ಎರಡೂವರೆ ತೋರಿಸುತ್ತಿದ್ದುದು ಚೆನ್ನಾಗಿ ನೆನಪಿದೆ. ಅದರ ಮುಂದಿನ ನೆನಪೆಂದರೆ, ನಾನು ಬೆಚ್ಚಿ ಎದ್ದುದು, ಕೋಣೆಯು ತೀರ ನಿಶ್ಶಬ್ದವಾಗಿದ್ದುದು, ತಾಯಿಯವರ ಮೂಗಿನ ಬಳಿ ಕೈಯಿಟ್ಟರೆ ಉಸಿರಿಲ್ಲದಿದ್ದುದು.

ನಾನು ಕೂಗಿದೆನು. ಹೆಂಡತಿ ಅಂಗಳದಿಂದ ಓಡಿಬಂದಳು. ಹುಡುಗಿ ಹಿತ್ತಲ ಬಾವಿಯ ಕಡೆಯಿಂದ ಓಡಿಬಂದಳು. ಗಡಿಯಾರವನ್ನು ಯಾರೂ ನೋಡಲಿಲ್ಲ. ಅಂತಹ ಹೊತ್ತಿನಲ್ಲಿ ನೋಡುವವರಾದರೂ ಯಾರು? ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ ಗದ್ದೆಗಳಿರುವುದರಿಂದ, ನೆರೆಯವರು ಬಂದು ಸೇರುವಷ್ಟರಲ್ಲಿ ಹೊತ್ತು ಇಳಿದಿತ್ತು. ಮೊದಲು ಬಂದ ಹಿರಿಯರು, “ಪ್ರಾಣ ಹೋಗುವಾಗ ಹತ್ತಿರವಿದ್ದೆಯಷ್ಟೆ? ಬಾಯಿಗೆ ನೀರು ಬಿಟ್ಟೆಯಷ್ಟೆ?” ಎಂದು ಕೇಳಿದರು. ಹಿರಿಯ ಮಗ ದೂರದ ಊರಿನಲ್ಲಿರುವಾಗ ತಾಯಿಯನ್ನು ನೋಡಿಕೊಳ್ಳುವ ಭಾರ ಹೊತ್ತ ಕಿರಿಯ ಮಗನು ಆ ಪ್ರಶ್ನೆಗೆ “ನಿದ್ದೆ ಹೋಗಿದ್ದೆ” ಎಂದು ಹೇಗೆ ಹೇಳಿಯಾನು? “ಇದ್ದೆ” ಎಂದೆನು. “ಎಷ್ಟು ಹೊತ್ತಿಗೆ ಹೋಯಿತು?” “ಎರಡೂವರೆಗೆ. ಕೈಹಿಡಿದುಕೊಂಡು ಹಾಗೆಯೇ ಕುಳಿತುಬಿಟ್ಟೆ. ಕೂಗಬೇಕೆಂದು ತೋಚಲೇ ಇಲ್ಲ.” ಹೀಗೆ ನನ್ನ ಕಣ್ಣು ಮುಚ್ಚಿದ ಗಳಿಗೆಯನ್ನೇ ತಾಯಿಯ ಕಣ್ಣು ಮುಚ್ಚಿದ ಗಳಿಗೆಯೆಂದು ಹೇಳಿಬಿಟ್ಟೆನು. ಒಮ್ಮೆ ಹೇಳಿದ ಮೇಲೆ ಅದನ್ನು ಹತ್ತು ಜನರ ಮುಂದೆ ಹತ್ತು ಸಲ ಹೇಳಬೇಕಾಯಿತು. ಹೇಳಿ ಹೇಳಿ, ವರ್ಷ ಕಳೆಯುವುದರೊಳಗಾಗಿ ನನಗೇ ಅರ್ಧ ನಂಬಿಕೆ ಹುಟ್ಟಿತ್ತು.

ಎರಡೂವರೆಯೋ ಮೂರೂವರೆಯೋ, ಗಂಟೆಯಲ್ಲೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಬೇರೆ ದಿನವಾಗಿದ್ದರೆ ಏನೂ ಇರುತ್ತಿರಲಿಲ್ಲ. ಆದರೆ ಮೃತತಿಥಿಯನ್ನು ಹಿಡಿಯುವುದು ಕ್ಯಾಲೆಂಡರಿನ ತಾರೀಖಿನಿಂದಲ್ಲ. ಪ್ರಾಣೋತ್ಕ್ರಮಣದ ಸಮಯದಲ್ಲಿ ಯಾವ ತಿಥಿ ನಡೆಯುತ್ತಿತ್ತೋ ಅದರಿಂದ. ತಿಥಿಯಾದರೋ ನಡುರಾತ್ರಿಗೆ ಬದಲಾಗುವಂತಹದಲ್ಲ. ಚಂದ್ರನು ಸೂರ್ಯನಿಂದ 12 ಅಂಶ ದೂರ ಸರಿದಂತೆಲ್ಲ ಒಂದೊಂದು ತಿಥಿ ಮುಗಿಯುತ್ತದೆ. ಅದು ಬೆಳಗಿಗೂ ಆಗಬಹುದು, ಊಟದ ಹೊತ್ತಿಗೂ ಆಗಬಹುದು. ಆ ಸೋಮವಾರ ಅಷ್ಟಮಿಯು ಮುಗಿದು ನವಮಿಯು ಹತ್ತಿದ್ದು ಮಧ್ಯಾಹ್ನ ಮೂರು ಗಂಟೆಗೆ ತುಸು ಮುಂಚೆ. ಸಾಯಂಕಾಲ ಬಂದ ಪುರೋಹಿತರು ಪಂಚಾಂಗ ಬಿಡಿಸಿ, “ಎರಡೂವರೆ ಎಂದಿರಲ್ಲವೆ? ಹಾಗಾದರೆ ಅಷ್ಟಮಿ” ಎಂದರು. ಆಗ ಬಾಗಿಲ ಹಿಂದೆ ನಿಂತಿದ್ದ ಹುಡುಗಿ, “ಚಿಕ್ಕಪ್ಪ, ಮೂರು ಗಂಟೆ ಆದ ಮೇಲೂ ಅಜ್ಜಿ ಇದ್ದರು. ನಾನು ನೀರು ಕೊಟ್ಟೆ, ಕುಡಿದರು” ಎಂದು ಮೆಲ್ಲನೆ ಹೇಳಿದಳು. “ನೀನು ಸುಮ್ಮನಿರು, ನಿನಗೆ ಗಾಬರಿಯಲ್ಲಿ ಹೊತ್ತು ತಿಳಿದಿಲ್ಲ” ಎಂದು ನಾನು ಗದರಿಸಿದೆನು. ಅವಳು ಸುಮ್ಮನಾದಳು.

ರಾತ್ರಿ ಬಂದ ಅಣ್ಣನವರು ಮಗಳ ಮಾತನ್ನು ಕೇಳಿದರು. ಮಗಳ ಮಾತನ್ನು ನಂಬಿದರು. ವೈಕುಂಠ ಸಮಾರಾಧನೆಯಾದ ಮರುದಿನ ಈ ವಿಚಾರವಾಗಿ ನಮ್ಮಿಬ್ಬರಿಗೂ ಮಾತು ಬೆಳೆಯಿತು. ಅದನ್ನು ಇಲ್ಲಿ ಬರೆದು ಫಲವಿಲ್ಲ. “ನಾನು ಕಣ್ಣಾರೆ ಕಂಡವನು” ಎಂದು ನಾನು ಹಟ ಹಿಡಿದೆನು. ಅಣ್ಣನವರು “ಹಾಗಾದರೆ ನಿನ್ನ ತಿಥಿ ನಿನಗಿರಲಿ” ಎಂದು ಹೇಳಿ ಹೊರಟುಹೋದರು.

ಅಲ್ಲಿಂದ ಮುಂದೆ 2025ನೆಯ ಇಸವಿಯ ಆಷಾಢಕ್ಕೆ ಬರೋಣ. ಮಳೆ ಹಿಡಿದು ಮೂರು ದಿನವಾಗಿತ್ತು, ಕರೆಂಟು ಹೋಗಿ ಎರಡು ದಿನವಾಗಿತ್ತು. ರಜೆಗೆ ಬಂದಿದ್ದ ಮೊಮ್ಮಗನಿಗೆ ಬೇಸರ ಕಳೆಯಲೆಂದು ನನ್ನ ಫೋನನ್ನು ಕೊಟ್ಟಿದ್ದೆನು. ಅವನು ಹಳೆಯ ಪಟಗಳನ್ನು ಒಂದೊಂದಾಗಿ ಸರಿಸುತ್ತ, “ಅಜ್ಜ, ಇದು ಯಾರು?” ಎಂದು ಕೇಳುತ್ತಿದ್ದನು. ಒಂದು ಪಟ ಬಂದಿತು. ದಿಂಬಿಗೆ ಒರಗಿದ ನಮ್ಮ ತಾಯಿಯವರ ಮುಖ. ತುಟಿಯ ಬಳಿ ಬೆಳ್ಳಿಯ ಉದ್ಧರಣೆ. ಅದನ್ನು ಹಿಡಿದಿರುವ ಒಂದು ಎಳೆಯ ಕೈ. ಅಣ್ಣನ ಮಗಳು ತಾಯಿಯವರು ಹೋದ ಒಂದು ತಿಂಗಳ ಮೇಲೆ ನನಗೆ ಅದನ್ನು ವಾಟ್ಸಾಪಿನಲ್ಲಿ ಕಳುಹಿಸಿದ್ದಳು. ಯಾವಾಗ ತೆಗೆದುದೆಂದು ಅವಳು ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಕಾಯಿಲೆಯ ಮೊದಲ ದಿನಗಳದ್ದಿರಬೇಕೆಂದು ಎಣಿಸಿ, ನೋಡಲಾರದೆ ಮುಚ್ಚಿಟ್ಟಿದ್ದೆನು.

“ಇವರು ನಮ್ಮ ಮುತ್ತಜ್ಜಿ” ಎಂದು ಹೇಳಿ, ಅವರು ತೀರಿಕೊಂಡ ತಾರೀಖನ್ನು ತಿಳಿಸಿದೆನು. ಹುಡುಗನು ಪಟದ ಮೇಲೆ ಬೆರಳಿಟ್ಟು ಮೇಲಕ್ಕೆ ನೂಕಿದನು. ಪಟದ ಕೆಳಗಿನಿಂದ ಒಂದು ಸಾಲು ಎದ್ದಿತು: 2019, ಮಾರ್ಚಿ 4. ಅದನ್ನು ಓದಿ, “ಅಜ್ಜ, ಮುತ್ತಜ್ಜಿ ಸತ್ತ ಮೇಲೂ ನೀರು ಕುಡಿದರೇನು?” ಎಂದು ಕೇಳಿದನು.

ಒಂಬತ್ತು ವರ್ಷದ ಹುಡುಗನ ಪ್ರಶ್ನೆ. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ನಿದ್ದೆಯೂ ಬರಲಿಲ್ಲ. ಪಟವೊಂದು ತನ್ನ ತಾರೀಖನ್ನು ತಾನೇ ಹೇಳುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಹೇಳುವ ತಾರೀಖು ಸುಳ್ಳೆಂಬುದಂತೂ ಸ್ಪಷ್ಟವಾಗಿತ್ತು. ಹಾಗಾದರೆ ನಿಜವಾದ ತಾರೀಖು ಎಲ್ಲಿ ಹೋಯಿತು?

ಮಳೆ ನಿಂತ ಮೇಲೆ ತೀರ್ಥಹಳ್ಳಿಯ ಒಂದು ಫೋಟೋ ಅಂಗಡಿಗೆ ಹೋದೆನು. ಅಂಗಡಿಯ ಯುವಕನು ಬಹು ಸಾವಧಾನದವನು. ನನ್ನ ಫೋನನ್ನು ನೋಡಿ ಅವನು ಹೇಳಿದ ಮಾತಿದು: “ವಾಟ್ಸಾಪಿನಲ್ಲಿ ಬಂದ ಪಟವೆಂದರೆ ಸುಲಿದ ಅಡಕೆ ಇದ್ದ ಹಾಗೆ ಸ್ವಾಮಿ. ಸಿಪ್ಪೆಯೊಡನೆ ಅದರ ಗುರುತೂ ಹೋಗಿರುತ್ತದೆ. ಇಲ್ಲಿ ಕಾಣುವ ತಾರೀಖು ಪಟ ತೆಗೆದದ್ದಲ್ಲ; ನಿಮ್ಮ ಫೋನಿಗೆ ಬಂದು ಬಿದ್ದದ್ದು.” ಅವನು ಆ ಪಟದ ಹೆಸರನ್ನು ತೋರಿಸಿದನು. ಐಎಂಜಿ ಎಂಬ ಅಕ್ಷರಗಳು, ಆಮೇಲೆ 20190304 ಎಂಬ ಅಂಕಿ, ಆಮೇಲೆ ಡಬ್ಲ್ಯುಎ ಎಂಬ ಗುರುತು, ಕಡೆಗೆ ಒಂದು ಕ್ರಮಸಂಖ್ಯೆ. ಡಬ್ಲ್ಯುಎ ಎಂದಿದ್ದರೆ ಅದು ವಾಟ್ಸಾಪಿನ ಮುದ್ರೆಯೆಂದೂ, ಆ ಎಂಟು ಅಂಕಿಗಳು ಅಂಚೆ ಕಚೇರಿಯ ಮೊಹರಿನಂತೆ ರವಾನೆಯ ದಿನವನ್ನು ಮಾತ್ರ ತಿಳಿಸುವುವೆಂದೂ ಅವನು ವಿವರಿಸಿದನು. ಕಾಗದದ ಮೇಲಿನ ಅಂಚೆಯ ಮೊಹರನ್ನು ನೋಡಿ, ಬರೆದವರು ಅಂದೇ ಬರೆದರೆಂದು ಹೇಳಲಾದೀತೆ?

ನಮ್ಮ ತಂದೆಯವರು ಮನೆಯ ಪ್ರತಿಯೊಂದು ಭಾವಚಿತ್ರದ ಹಿಂದೆಯೂ ಪೆನ್ಸಿಲಿನಿಂದ ತಾರೀಖು, ಊರು, ನಿಂತವರ ಹೆಸರು ಬರೆದಿಡುತ್ತಿದ್ದರು. ಫೋಟೋಗ್ರಾಫರರಿಗೂ ಈ ಚಿಂತೆ ಹಳೆಯದೇ. 1914ರಲ್ಲಿ ಅಮೆರಿಕದ ಕೊಡಕ್ ಕಂಪೆನಿಯವರು ಆಟೋಗ್ರಾಫಿಕ್ ಎಂಬ ಕ್ಯಾಮರಾಗಳನ್ನು ಮಾರಾಟಕ್ಕೆ ತಂದರು. ಅವುಗಳ ಬೆನ್ನಿನಲ್ಲಿ ಒಂದು ಪುಟ್ಟ ಬಾಗಿಲು. ಪಟ ತೆಗೆದೊಡನೆ ಆ ಬಾಗಿಲನ್ನು ತೆರೆದು ಲೋಹದ ಕಡ್ಡಿಯಿಂದ ಒತ್ತಿ ಬರೆದರೆ, ಬರೆದುದು ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವಣ ಫಿಲ್ಮಿನ ಪಟ್ಟಿಯಲ್ಲಿ ಮೂಡುತ್ತಿತ್ತು. ಈ ಉಪಾಯವನ್ನು ಕಂಡುಹಿಡಿದ ಹೆನ್ರಿ ಗೈಸ್‌ಮನ್ ಎಂಬವನಿಗೆ ಕಂಪೆನಿಯು 3,00,000 ಡಾಲರುಗಳನ್ನು ಕೊಟ್ಟಿತಂತೆ. ಆದರೆ ಜನರು ಬರೆಯುವ ಶ್ರಮ ತೆಗೆದುಕೊಳ್ಳಬೇಕಷ್ಟೆ! ಕೆಲವು ವರ್ಷಗಳಲ್ಲಿ ಆ ಕ್ಯಾಮರಾ ಮೂಲೆಗೆ ಬಿದ್ದಿತು. ಫಿಲ್ಮಿನ ಕಾಲದ ಕಡೆಯಲ್ಲಿ ಪಟದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳನ್ನು ಒತ್ತುವ ಕ್ಯಾಮರಾಗಳು ಬಂದವು. ಅವು ಮದುಮಗಳ ಸೆರಗಿನ ಮೇಲೆ ತಾರೀಖು ಬರೆದುದನ್ನು ನಾವೆಲ್ಲರೂ ನೋಡಿಯೇ ಇದ್ದೇವೆ.

ಈಗಿನ ಫೋನುಗಳಲ್ಲಿ ಬರೆಯುವ ಶ್ರಮವೂ ಇಲ್ಲ, ಸೆರಗು ಕೆಡುವುದೂ ಇಲ್ಲ. ಜಪಾನಿನ ವಿದ್ಯುನ್ಮಾನ ಉದ್ಯಮದವರ ಸಂಘವೊಂದು 1995ರಲ್ಲಿ ಎಕ್ಸಿಫ್ ಎಂಬ ಒಂದು ಕಟ್ಟಳೆಯನ್ನು ಏರ್ಪಡಿಸಿತು. ಅದರಂತೆ, ಪಟದ ಕಡತದೊಳಗೆ, ಕಣ್ಣಿಗೆ ಕಾಣದಂತೆ, ಒಂದು ಚೀಟಿಯಿರುತ್ತದೆ. ಪಟ ತೆಗೆದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನೂ, ಕ್ಯಾಮರಾದ ಹೆಸರನ್ನೂ, ಬೆಳಕಿನ ಕಿಂಡಿ ಎಷ್ಟು ತೆರೆದಿತ್ತೆಂಬುದನ್ನೂ, ನಾವು ಅನುಮತಿ ಕೊಟ್ಟಿದ್ದರೆ ಪಟ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಫೋನು ತಾನೇ ಅದರಲ್ಲಿ ಬರೆದಿಡುತ್ತದೆ. ಇದನ್ನು ನೋಡುವುದು ಕಷ್ಟವಲ್ಲ. ಬಹುಮಟ್ಟಿನ ಫೋನುಗಳಲ್ಲಿ ಪಟವನ್ನು ತೆರೆದು ಬೆರಳಿನಿಂದ ಮೇಲಕ್ಕೆ ಸರಿಸಿದರೆ ಸಾಕು. ಕೆಲವುದರಲ್ಲಿ ವೃತ್ತದೊಳಗಿನ ‘ಐ’ ಎಂಬ ಅಕ್ಷರವನ್ನೋ ಮೂರು ಚುಕ್ಕೆಗಳನ್ನೋ ಮುಟ್ಟಬೇಕು. ಪಟವನ್ನು ವಾಟ್ಸಾಪಿನಲ್ಲಿ ಪಟವಾಗಿಯೇ ಕಳುಹಿಸಿದರೆ ಅದು ಗಾತ್ರವನ್ನು ಕುಗ್ಗಿಸುವಾಗ ಈ ಚೀಟಿಯನ್ನು ಕಿತ್ತುಹಾಕುತ್ತದೆ. ಅದೇ ಪಟವನ್ನು ‘ಡಾಕ್ಯುಮೆಂಟು’ ಎಂಬ ದಾರಿಯಿಂದ ಕಳುಹಿಸಿದರೆ ಚೀಟಿಯೊಡನೆ ಹಾಗೆಯೇ ಬರುತ್ತದೆ. ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇಲ್ಲಿ ಒಂದು ಎಚ್ಚರಿಕೆ ಹೇಳುವುದು ಒಳ್ಳೆಯದು: ಚೀಟಿಯೊಡನೆ ಹೋಗುವ ಪಟದಲ್ಲಿ ಮನೆಯ ಸ್ಥಳವೂ ಹೋಗಬಹುದಾದ್ದರಿಂದ ಅಪರಿಚಿತರಿಗೆ ಆ ದಾರಿಯಲ್ಲಿ ಕಳುಹಿಸಬಾರದು.

“ಮೂಲದ ಪಟ ತೆಗೆದವರಲ್ಲಿ ಇದ್ದರೆ ತರಿಸಿಕೊಳ್ಳಿ, ಅದರಲ್ಲಿ ಗಳಿಗೆ ಸಿಕ್ಕೀತು” ಎಂದು ಅಂಗಡಿಯವನು ಹೇಳಿದನು. ನಾನು ಬಸ್ಸಿನಲ್ಲಿ ಕುಳಿತು ಮನೆಗೆ ಬರುವವರೆಗೂ ಅದನ್ನೇ ಯೋಚಿಸಿದೆನು. ನಿಜ ಹೇಳುವುದಾದರೆ, ತರಿಸಿಕೊಳ್ಳದಿರಲು ಏನಾದರೊಂದು ಕಾರಣ ಸಿಕ್ಕೀತೆ ಎಂದು ಹುಡುಕುತ್ತಿದ್ದೆನು. ಒಂದು ಕಾರಣ ಸಿಕ್ಕಿತು ಸಹ. ಫೋನಿನ ಗಡಿಯಾರ ಸರಿಯಾಗಿತ್ತೆಂದು ಯಾರು ಬಲ್ಲರು? ಗಡಿಯಾರವನ್ನು ನಂಬಿ ಕೆಟ್ಟವರ ಉದಾಹರಣೆ ನಮ್ಮ ಮನೆಯಲ್ಲಿಯೇ ಇತ್ತು. ನಮ್ಮ ತಾಯಿಯವರು 1943ರಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ನಿಮಿತ್ತ 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಇಂಡಿಯಾದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡಲಾಗಿತ್ತು. ಅಜ್ಜನವರು ಗೋಡೆಯ ಗಡಿಯಾರ ನೋಡಿ ಬರೆದ ಜನನಕಾಲವನ್ನು ಹಿಡಿದು ಹಾಕಿದ ಜಾತಕವು ಒಂದು ಗಂಟೆಯಷ್ಟು ತಪ್ಪಿತ್ತು. ಬಹುಕಾಲದ ಮೇಲೆ ಬೇರೊಬ್ಬ ಜೋಯಿಸರು ಅದನ್ನು ಕಂಡು ತಿದ್ದಿದರು. ಹುಟ್ಟಿದ ಗಳಿಗೆಯೇ ಹೀಗೆ ತಪ್ಪಿದ್ದವರ ಹೋದ ಗಳಿಗೆಯನ್ನು ಒಂದು ಫೋನು ಸರಿಯಾಗಿ ಹೇಳೀತೆ? ಹೀಗೆಂದು ಸಮಾಧಾನ ಮಾಡಿಕೊಂಡು ಎರಡು ವಾರ ಕಳೆದೆನು.

ಕಡೆಗೆ ಒಂದು ಸಂಜೆ ಅಂಗಳದ ಮೂಲೆಯಲ್ಲಿ ನಿಂತು, ನಮ್ಮಲ್ಲಿ ಸಿಗ್ನಲು ಸಿಗುವುದು ಅಲ್ಲಿ ಮಾತ್ರ, ಅಣ್ಣನ ಮಗಳಿಗೆ ಫೋನು ಮಾಡಿದೆನು. ಅವಳು ಈಗ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಕುಶಲಪ್ರಶ್ನೆಗಳಾದ ಮೇಲೆ, “ಅಜ್ಜಿಗೆ ನೀರು ಕುಡಿಸುವ ಪಟ ಇದೆಯಲ್ಲ, ಅದರ ಮೂಲ ನಿನ್ನ ಬಳಿ ಇದೆಯೇನಮ್ಮ?” ಎಂದು ಕೇಳಿದೆನು.

ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಲೈನು ಹೋಯಿತೆಂದು ತಿಳಿದೆನು. ಆಮೇಲೆ, “ಇದೆ ಚಿಕ್ಕಪ್ಪ. ಹಳೇ ಫೋನಿನದ್ದೆಲ್ಲ ಹಾರ್ಡ್ ಡಿಸ್ಕಿನಲ್ಲಿ ಹಾಕಿಟ್ಟಿದ್ದೇನೆ. ಆದರೆ ಅದು ನಿಮಗೆ ಏಕೆ?” ಎಂದಳು.

“ಹೊತ್ತು ನೋಡಬೇಕು.”

“ಹೊತ್ತು ಬೇಕಾದರೆ ನಾನೇ ಓದಿ ಹೇಳುತ್ತೇನೆ. ಪಟ ಕಳುಹಿಸುವುದು ಬೇಡ.”

ಅವಳು ಪಟವನ್ನು ಕಂಪ್ಯೂಟರಿನಲ್ಲಿ ತೆರೆದು ಚೀಟಿಯನ್ನು ಓದತೊಡಗಿದಳು. ಕಡತದ ಹೊರಮೈಯಲ್ಲಿ ಕಾಣುತ್ತಿದ್ದುದು 2021ರ ಒಂದು ತಾರೀಖು. ಅದು ಹಾರ್ಡ್ ಡಿಸ್ಕಿಗೆ ನಕಲು ಮಾಡಿದ ದಿನವೆಂದು ತಾನೇ ಹೇಳಿದಳು. ಒಂದೇ ಪಟಕ್ಕೆ ಹೀಗೆ ಮೂರು ತಾರೀಖುಗಳಾದವು: ಬಂದ ದಿನ, ನಕಲಾದ ದಿನ, ತೆಗೆದ ದಿನ. ತೆಗೆದ ದಿನವೊಂದೇ ಒಳಗಿನದು. ಅದನ್ನು ಅವಳು ಒಂದೊಂದೇ ಅಂಕಿಯಾಗಿ ಓದಿದಳು: 2019:01:28 15:22:07.

ಹದಿನೈದು ಗಂಟೆ ಇಪ್ಪತ್ತೆರಡು ನಿಮಿಷ. ಎಂದರೆ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೆರಡು ನಿಮಿಷ.

“ಫೋನಿನ ಗಡಿಯಾರ ಸರಿಯಿತ್ತೆನ್ನುವುದಕ್ಕೆ ಏನು ಸಾಕ್ಷಿ?” ಎಂದೆನು. ಆಗಲೂ ಹಾಗೆ ಕೇಳಿದೆನಲ್ಲಾ ಎಂದು ಈಗ ನಾಚಿಕೆಯಾಗುತ್ತದೆ. ಅವಳು ಬೇಸರಪಡಲಿಲ್ಲ. ಆ ಫೋನಿನಲ್ಲಿ ಸ್ಥಳ ಗುರುತಿಸುವ ಅನುಮತಿ ಇದ್ದುದರಿಂದ ಅದೇ ಚೀಟಿಯಲ್ಲಿ ಇನ್ನೊಂದು ಹೊತ್ತೂ ಇತ್ತು. ಅದು ಫೋನಿನ ಗಡಿಯಾರದ ಹೊತ್ತಲ್ಲ, ಆಕಾಶದ ಜಿಪಿಎಸ್ ಉಪಗ್ರಹಗಳಿಂದ ಪಡೆದ ಹೊತ್ತು. ಯಾವ ದೇಶದಲ್ಲಿ ತೆಗೆದ ಪಟವಾದರೂ ಅದನ್ನು ಗ್ರೀನ್‌ವಿಚ್ಚಿನ ಲೆಕ್ಕದ ಸಾರ್ವತ್ರಿಕ ಕಾಲದಲ್ಲಿ ಬರೆಯುತ್ತಾರೆ. ಅವಳು ಓದಿದಳು: 9 ಗಂಟೆ 52 ನಿಮಿಷ. ನಮ್ಮ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಒಂಬತ್ತು ಐವತ್ತೆರಡಕ್ಕೆ ಐದೂವರೆ ಕೂಡಿಸಿದೆನು. ಮತ್ತೆ ಮೂರು ಇಪ್ಪತ್ತೆರಡೇ ಬಂದಿತು. ಫೋನಿನ ಗಡಿಯಾರವನ್ನು ಕೈಯಿಂದ ತಿದ್ದಬಹುದು. ಪಟದ ತಾರೀಖನ್ನು ಸಹ ಬೇಕೆಂದರೆ ಬದಲಾಯಿಸಬಹುದಂತೆ. ಎರಡು ಬೇರೆ ಬೇರೆ ಸಾಕ್ಷಿಗಳು ಹೀಗೆ ನಿಮಿಷಕ್ಕೆ ನಿಮಿಷ ಕೂಡಿಬಂದ ಮೇಲೆ ನಾನು ಇನ್ನೇನನ್ನು ಕೇಳಲಿ?

“ಪಟವನ್ನೂ ಕಳುಹಿಸಮ್ಮ” ಎಂದೆನು.

“ಚಿಕ್ಕಪ್ಪ, ಬೇಡ.”

“ಕಳುಹಿಸು.”

ಡಾಕ್ಯುಮೆಂಟಾಗಿ ಬಂದ ಆ ಪಟವು ತೆರೆದುಕೊಳ್ಳಲು ನಮ್ಮ ಊರಿನ ಸಿಗ್ನಲಿನಲ್ಲಿ ಹತ್ತು ನಿಮಿಷ ಹಿಡಿಯಿತು. ನನ್ನ ಬಳಿಯಿದ್ದ ಪಟಕ್ಕಿಂತ ಇದು ಅಗಲವಾಗಿತ್ತು. ತಾಯಿಯವರ ಮುಖ, ಉದ್ಧರಣೆ, ಹುಡುಗಿಯ ಕೈ ಎಲ್ಲವೂ ಹಾಗೆಯೇ ಇದ್ದವು. ಎಡಭಾಗದಲ್ಲಿ, ನನಗೆ ಕಳುಹಿಸುವಾಗ ಅವಳು ಕತ್ತರಿಸಿ ತೆಗೆದಿದ್ದ ಭಾಗದಲ್ಲಿ, ಗೋಡೆಗೆ ಒತ್ತಿ ಹಾಕಿದ ಒಂದು ಕುರ್ಚಿ. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದುಕೊಂಡು ನಿದ್ದೆಹೋಗಿರುವ ನಾನು. ತಾಯಿಯವರು ಅರೆಗಣ್ಣು ತೆರೆದಿದ್ದರು. ನೋಟವು ನನ್ನ ಕಡೆಗಿತ್ತು.

ಮತ್ತೆ ಫೋನು ಮಾಡಿದಾಗ ಅವಳು ಎಲ್ಲವನ್ನೂ ಹೇಳಿದಳು. ಮೂರು ದಿನ ನೀರು ಮುಟ್ಟದಿದ್ದ ಅಜ್ಜಿ ಅಂದು ಕಣ್ಣು ಬಿಟ್ಟು ತಾನಾಗಿಯೇ ಸನ್ನೆ ಮಾಡಿ ನೀರು ಕೇಳಿದರಂತೆ. ಅವಳಿಗೆ ಸಂತೋಷವಾಗಿ, ಒಂದು ಕೈಯಲ್ಲಿ ನೀರು ಕುಡಿಸುತ್ತ ಇನ್ನೊಂದು ಕೈಯಲ್ಲಿ ಅಪ್ಪನಿಗೆ ಕಳುಹಿಸೋಣವೆಂದು ಪಟ ತೆಗೆದಳಂತೆ, ಸಿಗ್ನಲು ಇರಲಿಲ್ಲ. ನನ್ನನ್ನು ಎಬ್ಬಿಸಲು ಹೊರಟರೆ ಅಜ್ಜಿ ಬೇಡವೆಂದು ಕೈಯಾಡಿಸಿದರಂತೆ. ಆಮೇಲೆ ಕಣ್ಣು ಮುಚ್ಚಿದ್ದನ್ನು ನೋಡಿ, ಮಲಗಿದರೆಂದು ತಿಳಿದು, ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಳಂತೆ.

“ಇದನ್ನು ನಿನ್ನ ಅಪ್ಪನಿಗೆ ಏಕೆ ತೋರಿಸಲಿಲ್ಲ? ತೋರಿಸಿದ್ದರೆ ಅಂದೇ ಮುಗಿಯುತ್ತಿತ್ತಲ್ಲ” ಎಂದೆನು.

“ತೋರಿಸಿದ್ದರೆ ಅವರು ಹೊತ್ತು ಕೇಳುತ್ತಿದ್ದರು. ಮೂಲದ ಪಟ ತೆಗೆಯಬೇಕಾಗುತ್ತಿತ್ತು. ಅದರಲ್ಲಿ ನೀವು ಕಾಣಿಸುತ್ತಿದ್ದಿರಿ” ಎಂದಳು. ಕೊನೆಗೆ, “ನೀವು ಮೂರು ರಾತ್ರಿ ಎದ್ದಿದ್ದು ಪಟದಲ್ಲಿ ಕಾಣಿಸುವುದಿಲ್ಲವಲ್ಲ ಚಿಕ್ಕಪ್ಪ” ಎಂದಳು.

ಇಪ್ಪತ್ತು ವರ್ಷದ ಹುಡುಗಿ ಅಂದು ನನ್ನ ಗದರಿಕೆಯನ್ನು ನುಂಗಿಕೊಂಡು, ಆರು ವರ್ಷ ತನ್ನ ಮಾತನ್ನು ಸುಳ್ಳಾಗಗೊಟ್ಟು ನನ್ನ ಮಾನವನ್ನು ಕಾಯ್ದಿದ್ದಳು. ನಾನಾದರೋ ನಾಲ್ಕು ಜನರೆದುರಿಗೆ ಅವಳಿಗೆ ಹೊತ್ತು ತಿಳಿಯದೆಂದು ಹೇಳುತ್ತ ಬಂದಿದ್ದೆನು.

ಅಣ್ಣನವರಿಗೆ ಫೋನು ಮಾಡುವುದಕ್ಕೆ ಮತ್ತೆ ಮೂರು ದಿನ ಬೇಕಾಯಿತು. ಹೆಂಡತಿಗೆ ಮೊದಲು ಹೇಳಿದೆನು. ಅವಳು “ನನಗೆ ಅಂದೇ ಗೊತ್ತಿತ್ತು” ಎಂದು ಹೇಳಿ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಅಣ್ಣನವರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆನು: ನಿದ್ದೆಹೋದದ್ದು, ಎರಡೂವರೆಯೆಂದದ್ದು, ಕೈಹಿಡಿದು ಕುಳಿತಿದ್ದೆನೆಂದದ್ದು, ಪಟದಲ್ಲಿನ ಗಳಿಗೆ. ಬಯ್ಯಲಿ ಎಂದೇ ಕಾದೆನು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಆ ಮೂರು ರಾತ್ರಿಯೂ ಇಲ್ಲಿ ಮೈಸೂರಿನಲ್ಲಿ ನಿದ್ದೆ ಮಾಡಿದ್ದೇನೆ ಮಾರಾಯ. ನನ್ನ ಪಟ ಯಾರೂ ತೆಗೆಯಲಿಲ್ಲ, ಅಷ್ಟೆ” ಎಂದರು. ಆಮೇಲೆ, “ಅಮ್ಮ ನೀರು ಕುಡಿದದ್ದು ನಿಜವೆ?” ಎಂದು ಕೇಳಿದರು. ನಿಜವೆಂದೆನು. “ಪಟವನ್ನು ನನಗೂ ಕಳುಹಿಸು” ಎಂದರು.

ಆ ಪುಷ್ಯದಲ್ಲಿ, ಎಂದರೆ 2026ರ ಜನವರಿಯಲ್ಲಿ, ಅಣ್ಣನವರೂ ಅತ್ತಿಗೆಯವರೂ ಎರಡು ದಿನ ಮೊದಲೇ ಊರಿಗೆ ಬಂದರು. ಬಹುಳ ನವಮಿಯಂದು ನಾವಿಬ್ಬರೂ ಅಕ್ಕಪಕ್ಕದಲ್ಲಿ ಕುಳಿತು ಶ್ರಾದ್ಧ ಮಾಡಿದೆವು. ಪುರೋಹಿತರಿಗೂ ನಡೆದುದನ್ನು ತಿಳಿಸಿದ್ದೆನು. ಆರು ವರ್ಷ ತಪ್ಪು ದಿನದಲ್ಲಿ ಮಾಡಿದ್ದಕ್ಕೆ ಏನಾದರೂ ಪ್ರಾಯಶ್ಚಿತ್ತವುಂಟೆ ಎಂದು ಕೇಳಿದರೆ, ಅವರು ನನ್ನ ಮುಖವನ್ನು ನೋಡಿ, “ಆಯಿತಲ್ಲ” ಎಂದರು.

ಫೋಟೋ ಅಂಗಡಿಯ ಯುವಕನಿಂದ ಆ ಪಟವನ್ನು ಮುದ್ರಿಸಿ ತಂದಿದ್ದೆನು. ಅವನು, “ಈ ಕುರ್ಚಿಯ ಭಾಗವನ್ನು ಕತ್ತರಿಸಲೆ? ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ” ಎಂದು ಕೇಳಿದ್ದನು, ಬೇಡವೆಂದು ಹೇಳಿ ಪೂರ್ತಿಯಾಗಿಯೇ ಮುದ್ರಿಸಿಕೊಂಡೆನು. ಮೊಮ್ಮಗನು ಅದನ್ನು ಕೈಯಲ್ಲಿ ಹಿಡಿದು, “ಅಜ್ಜ, ಈ ಮಲಗಿದವರು ಯಾರು?” ಎಂದು ಕೇಳಿದನು. ನಾನೇ ಎಂದೆನು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ತಂದೆಯವರು ಮಾಡುತ್ತಿದ್ದ ಹಾಗೆ, ಪಟದ ಹಿಂಭಾಗದಲ್ಲಿ ಪೆನ್ಸಿಲಿನಿಂದ ಊರಿನ ಹೆಸರು, 28–1–2019, ಮಧ್ಯಾಹ್ನ 3 ಗಂಟೆ 22 ನಿಮಿಷ ಎಂದು ಬರೆದೆನು. ಅಣ್ಣನವರು ಕನ್ನಡಕ ಹಾಕಿಕೊಂಡು ಅದನ್ನು ಓದಿ, ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಕೆಳಗಡೆ ‘ನವಮಿ’ ಎಂದು ಸೇರಿಸಿದರು.